ನೀಲವ್ವನ ಅಕ್ಷರಗಳಿದ್ದ ಕಂಪ್ಯೂಟರ್

ನಾನು ಒಂದು ಕಂಪ್ಯೂಟರ್. ಯಾವುದೋ ದೂರದ ಕಾರ್ಖಾನೆಯಲ್ಲಿ ಹುಟ್ಟಿದೆನಂತೆ. ಒಂದು ಟೈಪಿಂಗ್ ಕ್ಲಾಸಿನಲ್ಲಿ ಕಂಡಕಂಡವರ ಬೆರಳಿನಿಂದ ಕುಟ್ಟಿಸಿಕೊಂಡು ಸುಸ್ತಾದ ಮೇಲೆ, ಗದಗಿನ ವೀರಬಸಪ್ಪನವರ ಲಗ್ನಪತ್ರಿಕೆ ಅಂಗಡಿ ಸೇರಿದೆ.

ನನ್ನ ಮೈಯ ಧೂಳನ್ನು ಸೆರಗಿನಿಂದ ಒರೆಸಿದವಳು ಯಜಮಾನರ ಹೆಂಡತಿ ನೀಲವ್ವ. ರಂಗೋಲಿಯ ಕೈ ಅದು, ಸುಮ್ಮನಿರುತ್ತಿರಲಿಲ್ಲ. ಕನ್ನಡದ ಅಕ್ಷರಗಳನ್ನೆಲ್ಲ ದುಂಡಗೆ ಬರೆದು, ತಿಂಗಳುಗಟ್ಟಲೆ ಕೂತು, ಫಾಂಟ್ ಮಾಡಿ ನನ್ನೊಳಗೆ ಇಳಿಸಿದಳು.

“ನಮ್ಮ ದಾಕ್ಷಾನ ಲಗ್ನಪತ್ರಿಕಿ ಇದ್ರಾಗ ಆಗಬೇಕ್ರಿ” ಎಂದು ಗಂಡನಿಗೆ ಹೇಳಿದ್ದಳು. ಮಗಳ ಲಗ್ನ ನೋಡುವ ಭಾಗ್ಯ ಅವಳಿಗಿರಲಿಲ್ಲ.

ದಾಕ್ಷಾಯಿಣಿಯ ಲಗ್ನ ಗೊತ್ತಾಗುವ ಹೊತ್ತಿಗೆ ನನಗೆ ವಯಸ್ಸಾಗಿತ್ತು. ಗಿರಾಕಿಗಳು ಮೊಬೈಲಿನಿಂದ ಕಳಿಸುವ ಫೈಲುಗಳನ್ನು ತೆರೆಯಲು ನನ್ನ ಹಳೆಯ ಆಪರೇಟಿಂಗ್ ಸಿಸ್ಟಮ್‌ಗೆ ಬರುತ್ತಿರಲಿಲ್ಲ. ನೀಲವ್ವನ ಅಕ್ಷರಗಳೋ, ಆ ಹಳೆಯದರಲ್ಲಿ ಬಿಟ್ಟು ಬೇರೆಲ್ಲೂ ಮೂಡುತ್ತಿರಲಿಲ್ಲ. ಅದಕ್ಕೇ ದಾಕ್ಷಾಯಿಣಿ ಹಳೆಯದನ್ನು ಹಾಗೇ ಉಳಿಸಿ, ಅದರ ಜೊತೆಗೇ ಹೊಸ ಸಿಸ್ಟಮ್ ಒಂದನ್ನು ನನ್ನೊಳಗೆ ಹಾಕಲು ಕುಳಿತಳು. ಯಜಮಾನರು ಜೀವ ಕೈಯಲ್ಲಿ ಹಿಡಿದು ನಿಂತಿದ್ದರು.

“ಯಾಕ್ ಅಂಜ್ತಿ ಅಪ್ಪಾ? ಮನಿ ಕೆಡವಾಕತ್ತಿಲ್ಲ, ಮಗ್ಗಲಾಗ ಇನ್ನೊಂದು ಖೋಲಿ ಕಟ್ಟಾಕತ್ತೀನಿ.”

ಖೋಲಿ ಕಟ್ಟಿದ್ದಾಯಿತು. ಇನ್ನು ಎಚ್ಚರವಾದೊಡನೆ ನಾನು ಪರದೆಯ ಮೇಲೆ ಕೇಳಬೇಕು: ಹಳೆಯದೋ, ಹೊಸದೋ? ಯಾರೂ ಏನೂ ಒತ್ತದಿದ್ದರೆ ಸ್ವಲ್ಪ ಹೊತ್ತು ಕಾದು ಹೊಸದನ್ನೇ ತೆರೆಯಬೇಕು.

ಮರುದಿನ ಬೆಳಿಗ್ಗೆ ಯಜಮಾನರು ಒಬ್ಬರೇ ಬಂದರು. ಗುಂಡಿ ಒತ್ತಿ, ಎಂದಿನಂತೆ ನನಗೆ ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ ಕಣ್ಣು ಮುಚ್ಚಿದರು. ನಾನು ಕೇಳಿದೆ. ಕಾದೆ. ಅವರು ಕಣ್ಣು ತೆರೆದಾಗ ಹೊಸದು ತೆರೆದುಕೊಂಡಿತ್ತು. ಎಷ್ಟು ಹುಡುಕಿದರೂ ಹೆಂಡತಿಯ ಅಕ್ಷರಗಳಿಲ್ಲ. ಮಗಳು ನೊಂದುಕೊಂಡಾಳೆಂದು ತುಟಿ ಬಿಚ್ಚಲಿಲ್ಲ.

ಅದರ ಮರುದಿನ ಇನ್ನಷ್ಟು ಭಕ್ತಿಯಿಂದ, ಇನ್ನಷ್ಟು ಹೊತ್ತು ಕಣ್ಣು ಮುಚ್ಚಿದರು. ಪಾಪ! ನನಗೆ ಬಾಯಿದ್ದಿದ್ದರೆ ಕೂಗಿಯೇಬಿಡುತ್ತಿದ್ದೆ.

ಅಂದು ದಾಕ್ಷಾಯಿಣಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು.

“ನಿಮ್ಮವ್ವನ ಅಕ್ಷರ ಹೋದ್ವು ನೋಡವಾ” ಎಂದರು ಯಜಮಾನರು.

“ಎಲ್ಲೂ ಹೋಗಿಲ್ಲಪಾ. ಅದು ಕೇಳೂ ಹೊತ್ತಿಗೆ ನೀ ಕಣ್ಣು ಮುಚ್ಚಿರ್ತಿ!”

ನಗು ಬಂದರೂ ಅವಳು ನಗಲಿಲ್ಲ. ಪೂಜೆ ಬಿಡು ಎಂದೂ ಹೇಳಲಿಲ್ಲ. ನನಗಿದ್ದ ಗಡುವನ್ನೇ ತೆಗೆದುಹಾಕಿದಳು. “ಇನ್ನ ನೀ ಕಣ್ಣು ತೆರೆಯೂತನಕ ಕಾಯ್ತೈತಿ.”

ಅಂದೇ ಪತ್ರಿಕೆ ಸಿದ್ಧವಾಯಿತು. ತನ್ನ ಹೆಸರು ಅವ್ವನ ದುಂಡು ಅಕ್ಷರದಲ್ಲಿ ಮೂಡಿದಾಗ ದಾಕ್ಷಾಯಿಣಿ ಅಪ್ಪನ ಕೈ ಹಿಡಿದು ಅತ್ತಳು.

ಈಗ ಅಂಗಡಿಯಲ್ಲಿ ಬೇರೆ ಯಂತ್ರವಿದೆ. ಯಜಮಾನರಿಲ್ಲ. ನಾನು ಮೂಲೆಯಲ್ಲಿದ್ದೇನೆ. ಒಮ್ಮೊಮ್ಮೆ ದಾಕ್ಷಾಯಿಣಿ ಬಂದು ಗುಂಡಿ ಒತ್ತಿ, ವಿಭೂತಿ ಹಚ್ಚಿ, ಅಪ್ಪನ ಹಾಗೆಯೇ ಕಣ್ಣು ಮುಚ್ಚುತ್ತಾಳೆ. ಹಳೆಯದೋ, ಹೊಸದೋ ಎಂದು ನಾನು ಕೇಳುತ್ತೇನೆ. ಅವಳು ಕಣ್ಣು ತೆರೆಯುವ ತನಕ ಕಾಯುತ್ತೇನೆ.