ಆಮೆಯ ಕುದುರೆಗಳು

ಎಂಜಿನ್ನಿನಲ್ಲಿ ಐವತ್ತು ಕುದುರೆಗಳ ಬಲವಿದೆ ಎಂದು ಕಾರ್ಖಾನೆಯವರು ಬರೆದುಕೊಟ್ಟಿದ್ದರು. ಹೊರಟಾಗ ಐವತ್ತೂ ಇರುತ್ತಿದ್ದವು, ಗುರಿ ಮುಟ್ಟುವ ಹೊತ್ತಿಗೆ ಕೆಲವು ಕಾಣೆ. ಎಲ್ಲಿ ಹೋಗುತ್ತಿವೆ ಎಂಬ ಪ್ರಶ್ನೆ ಮೇಷ್ಟ್ರ ತಲೆಯನ್ನು ಹುಳದಂತೆ ಕೊರೆಯುತ್ತಿತ್ತು.

ಇವರು ಅಕ್ಷರ ಕಲಿಸುವ ಮೇಷ್ಟ್ರಲ್ಲ, ಕಾರು ಕಲಿಸುವ ಮೇಷ್ಟ್ರು. ಊರಿನ ಅರ್ಧ ಜನಕ್ಕೆ ಕ್ಲಚ್ಚು ಬಿಡುವುದನ್ನು ಹೇಳಿಕೊಟ್ಟವರು. ಅವರ ಶಾಲೆಯ ಹಳೆಯ ಪುಟ್ಟ ಕಾರಿಗೆ ಕಲಿಯಲು ಬಂದವರೇ ಆಮೆ ಎಂದು ಹೆಸರಿಟ್ಟಿದ್ದರು. ವಯಸ್ಸಾಯಿತು, ಇನ್ನು ಗುಜರಿಗೆ ಹಾಕೋಣ ಎಂದು ಅವರು ನಿರ್ಧರಿಸಿದ್ದಾಗ ಮಗಳು ಅಡ್ಡ ನಿಂತಳು. ಆಮೆಯನ್ನು ರೇಸಿಗೆ ಇಳಿಸುತ್ತೇನೆ ಎಂದಳು.

ಮೇಷ್ಟ್ರು ಎರಡು ದಿನ ಮಗಳ ಜೊತೆ ಮಾತು ಬಿಟ್ಟರು. ಮೂರನೆಯ ದಿನ ಯಾವ ರೇಸು ಎಂದು ಕೇಳಿದರು, ಏಕೆಂದರೆ ಕುತೂಹಲ ಅವರ ಹುಟ್ಟುಗುಣ. ಅವಳು ವಿವರಿಸಿದಳು. ನೇರ ರಸ್ತೆ, ಕಾಲು ಮೈಲಿ, ನಿಂತಲ್ಲಿಂದ ಹೊರಟು ಎಷ್ಟು ಬೇಗ ಮುಟ್ಟುತ್ತೀರಿ ಎಂಬುದಷ್ಟೇ ಲೆಕ್ಕ. ಎಂಜಿನ್ನಿನ ಬಲ ನೋಡಿ ಕಾರುಗಳನ್ನು ವಿಂಗಡಿಸುತ್ತಾರೆ, ತೀರ ಬಡಪಾಯಿ ಎಂಜಿನ್ನುಗಳಿಗೂ ಒಂದು ವಿಭಾಗವಿದೆ. ಅಲ್ಲಿ ಕಾರು ಕಾರ್ಖಾನೆಯಿಂದ ಹೊರಬಿದ್ದಾಗ ಹೇಗಿತ್ತೋ ಹಾಗೇ ಇರಬೇಕು. ಏನನ್ನೂ ಸೇರಿಸುವಂತಿಲ್ಲ, ಏನನ್ನೂ ತೆಗೆಯುವಂತಿಲ್ಲ. ಅರ್ಹತೆಯ ದಿನ ಇಪ್ಪತ್ತೊಂದು ಸೆಕೆಂಡಿನೊಳಗೆ ಮುಟ್ಟಿದರೆ ಒಳಗೆ, ಇಲ್ಲದಿದ್ದರೆ ಮನೆಗೆ. ಆಗ ಆಮೆಯನ್ನು ಗುಜರಿಗೆ ಕೊಡಿ, ಬೇಡ ಅನ್ನುವುದಿಲ್ಲ ಎಂದು ಅವಳು ಮಾತು ಕೊಟ್ಟಳು. ಬಡಪಾಯಿ ವಿಭಾಗ ಎಂಬ ಮಾತು ಮೇಷ್ಟ್ರ ಎದೆಗೆ ತಂಪೆರೆಯಿತು. ಐವತ್ತು ಕುದುರೆ ಏನು ಮಹಾ ಮಾಡಿಯಾವು ಎಂದುಕೊಂಡು ಒಪ್ಪಿದರು.

ಕೆಲಸ ನಡೆದದ್ದು ಮೇಷ್ಟ್ರ ಭಾವಮೈದನ ಗ್ಯಾರೇಜಿನಲ್ಲಿ. ಅವನೂ ಕೈಯಾಡಿಸಿದ, ಆದರೆ ಆಮೆಯ ಹೊಟ್ಟೆಯೊಳಗೆ ಕೈ ಹಾಕಿದವಳು ಮಗಳೇ. ಹಗಲು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಅವಳದು, ಕೂದಲೆಳೆಯಷ್ಟು ಹೆಚ್ಚುಕಮ್ಮಿಯೂ ಅವಳ ಕಣ್ಣಿಗೆ ಬೀಳುತ್ತಿತ್ತು. ಬಲ ಸೇರಿಸುವಂತಿಲ್ಲವಾದರೆ ಇರುವ ಬಲವನ್ನು ಕದಿಯುವವರನ್ನು ಹಿಡಿಯಬೇಕು, ಇಷ್ಟೇ ಅವಳ ಉಪಾಯ. ಈ ಕಳ್ಳರ ಬೇಟೆ ಮೇಷ್ಟ್ರಿಗೂ ರುಚಿಸಿಬಿಟ್ಟಿತು. ಚಕ್ರವನ್ನು ಮೇಲೆತ್ತಿ ಕೈಯಿಂದ ತಿರುಗಿಸುವರು, ಎಷ್ಟು ಸುತ್ತಿಗೆ ನಿಲ್ಲುತ್ತದೆ ಎಂದು ಬಗ್ಗಿ ನೋಡುವರು. ಒಂದು ಬೇರಿಂಗಿನಲ್ಲಿ ಗ್ರೀಸು ಗಟ್ಟಿಯಾಗಿ ಅಂಟಾಗಿತ್ತು. ತೊಳೆದು ಹೊಸದು ತುಂಬಿದರು. ಮುಂದಿನ ಚಕ್ರಗಳೆರಡೂ ಮುನಿಸಿಕೊಂಡ ಓರಗಿತ್ತಿಯರ ಹಾಗೆ ಒಂದೊಂದು ದಿಕ್ಕಿಗೆ ಮುಖ ಮಾಡಿದ್ದವು, ನೇರ ಮಾಡಿದರು. ವಾಲ್ವುಗಳನ್ನು ಬಿಚ್ಚಿ, ಉಜ್ಜಿ, ಅದೇ ಜಾಗದಲ್ಲಿ ಕೂರಿಸಿದರು. ಒಬ್ಬೊಬ್ಬ ಕಳ್ಳ ಸಿಕ್ಕಾಗಲೂ ಮೇಷ್ಟ್ರು ಮಗುವಿನಂತೆ ಹಿಗ್ಗುತ್ತಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಭಾವಮೈದ ಆಡಿಕೊಂಡರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಪ್ರತಿ ಭಾನುವಾರ ಬೆಳಿಗ್ಗೆ ಮುಚ್ಚಿಹೋದ ಗಿರಣಿಯೊಂದರ ಆವರಣದ ರಸ್ತೆಯಲ್ಲಿ ಪರೀಕ್ಷೆ. ಮಗಳು ಓಡಿಸುವಳು, ಮೇಷ್ಟ್ರು ಪಕ್ಕದ ಸೀಟಿನಲ್ಲಿ ಸ್ಟಾಪ್‌ವಾಚು ಹಿಡಿದು ಕೂರುವರು, ಭಾವಮೈದ ಗುರಿಯ ಗೆರೆಯ ಬಳಿ ಬಾವುಟ ಬೀಸುವನು. ಆ ಪಕ್ಕದ ಸೀಟಿನಲ್ಲಿ ಕೂತವರ ಕಾಲ ಬಳಿ ಕಲಿಸುವವರ ಬ್ರೇಕು ಇನ್ನೂ ಇತ್ತು. ಡ್ರೈವರನ ಬ್ರೇಕಿಗೆ ಸರಳಿನಿಂದ ಜೋಡಿಸಿದ ಎರಡನೆಯ ಪೆಡಲು. ಅದು ಕಾರ್ಖಾನೆಯದಲ್ಲವಾದ್ದರಿಂದ ಬಿಚ್ಚಲೇಬೇಕಿತ್ತು. ತಪಾಸಣೆಯ ಹಿಂದಿನ ದಿನ ಬಿಚ್ಚಿದರಾಯಿತು, ಅವಸರವೇನು ಎಂದು ಮೇಷ್ಟ್ರು ಮುಂದೂಡುತ್ತಲೇ ಬಂದಿದ್ದರು.

ಪ್ರತಿಸಲವೂ ಸುಮಾರು ಇಪ್ಪತ್ತೆರಡು ಸೆಕೆಂಡು, ಮಿತಿಗಿಂತ ಒಂದು ಹೆಚ್ಚು. ರೇಸಿನ ದಿನ ಕಾರಿನಲ್ಲಿರದ ಮೇಷ್ಟ್ರ ತೂಕಕ್ಕೆಂದು ಅರ್ಧ ಸೆಕೆಂಡು ಬಿಟ್ಟುಕೊಟ್ಟರೂ ಇನ್ನರ್ಧಕ್ಕೆ ಲೆಕ್ಕ ಸಿಗಲಿಲ್ಲ. ಗೇರ್ ಬಾಕ್ಸಿನ ಎಣ್ಣೆ ಬದಲಾಯಿಸಿದರು, ಏನೂ ಆಗಲಿಲ್ಲ. ಪೆಟ್ರೋಲಿನ ಪೈಪು ಊದಿ ನೋಡಿದರು, ಅದೂ ಸರಿಯಾಗಿತ್ತು. ಮಗಳ ಮುಖ ವಾರದಿಂದ ವಾರಕ್ಕೆ ಸಣ್ಣದಾಗುತ್ತ ಹೋಯಿತು. ಊಟ ಮಾಡುತ್ತ ಕೈ ತಟ್ಟೆಯಲ್ಲೇ ನಿಲ್ಲಿಸಿ ಗೋಡೆ ನೋಡುತ್ತಿದ್ದಳು. ಅದನ್ನು ಕಂಡು ಮೇಷ್ಟ್ರಿಗೆ ನಿಜಕ್ಕೂ ದುಃಖವಾಯಿತು. ರೇಸು ಬೇಡವೆಂದಿದ್ದ ಮನುಷ್ಯ ಈಗ ಆ ಅರ್ಧ ಸೆಕೆಂಡಿಗಾಗಿ ಏನು ಬೇಕಾದರೂ ಕೊಡಲು ತಯಾರಿದ್ದರು.

ಕೊನೆಯ ಭಾನುವಾರ ಬಾವುಟ ಮರೆತುಬಂದ ಭಾವಮೈದ ಗುರಿಯ ಕಡೆ ಹೋಗದೆ ಹೊರಡುವ ಗೆರೆಯಲ್ಲೇ ನಿಂತ. ಕಾರು ತಿರುಗಿ ಬಂದಾಗ ಅವನು ಮೇಷ್ಟ್ರನ್ನು ಪಕ್ಕಕ್ಕೆ ಕರೆದ.

"ಭಾವ, ಹಿಂದಿನ ಕೆಂಪು ದೀಪ ಉರೀತಿತ್ತು. ಮೂರನೇ ಗೇರಿಂದ ಕೊನೇವರೆಗೂ. ನಿಮ್ಮ ಮಗಳು ಬ್ರೇಕ್ ತುಳೀತಾ ಓಡಿಸ್ತಾಳೆ."

ಮೇಷ್ಟ್ರಿಗೆ ಅರ್ಥವಾಯಿತು, ಪಾಪದ ಹುಡುಗಿ ಹೆದರಿದ್ದಾಳೆ. ಅವಳನ್ನು ಕೂರಿಸಿಕೊಂಡು ಪಾದ ಎಲ್ಲಿರಬೇಕು, ಹಿಮ್ಮಡಿ ಎಲ್ಲಿ ಊರಬೇಕು ಎಂದು ಮೊದಲ ದಿನದ ಪಾಠವನ್ನೇ ಮತ್ತೆ ಒಪ್ಪಿಸಿದರು. ಮಗಳು ತಾಳ್ಮೆಯಿಂದ ಕೇಳಿದಳು. ಒಂದು ಕಾಲು ಕ್ಲಚ್ಚಿನ ಹತ್ತಿರ, ಇನ್ನೊಂದು ಆಕ್ಸಿಲರೇಟರಿನ ಮೇಲೆ, ಬ್ರೇಕಿಗೆ ಮೂರನೇ ಕಾಲು ಎಲ್ಲಿಂದ ತರಲಿ ಎಂದು ಕೇಳಿದಳು. ಹಾಗಾದರೆ ಇನ್ನೊಮ್ಮೆ ಹೋಗೋಣ, ನಾನು ನಿನ್ನ ಪಾದವನ್ನೇ ನೋಡುತ್ತೇನೆ ಎಂದರು ಮೇಷ್ಟ್ರು.

ಹೊರಟರು. ಒಂದು, ಎರಡು, ಮೂರನೆಯ ಗೇರು. ಎಂಜಿನ್ನು ಅರಚುತ್ತಿತ್ತು, ಗಿರಣಿಯ ಗೋಡೆ ಪಕ್ಕದಲ್ಲಿ ಸರ್ರನೆ ಹಿಂದೋಡುತ್ತಿತ್ತು. ಮೇಷ್ಟ್ರು ಬಗ್ಗಿ ನೋಡಿದರು. ಮಗಳ ಪಾದಗಳೆರಡೂ ಇರಬೇಕಾದ ಕಡೆಯೇ ಇದ್ದವು. ನಡುವಿನ ಬ್ರೇಕು ಮಾತ್ರ ಯಾರೂ ಮುಟ್ಟದೆ ತಾನಾಗಿ, ಮೆಲ್ಲಗೆ, ಒಂದು ಬೆರಳಗಲ ಕೆಳಗಿಳಿದಿತ್ತು. ಅವರ ಕಣ್ಣು ಆ ಪೆಡಲಿನಿಂದ ಸರಳಿಗೆ, ಸರಳಿನಿಂದ ಇತ್ತಕಡೆಗೆ ಬಂತು. ಅದರ ತುದಿಯ ಎರಡನೆಯ ಪೆಡಲಿನ ಮೇಲೆ ಪಾಲಿಶ್ ಮಾಡಿದ ಕಪ್ಪು ಬೂಟೊಂದು ಒತ್ತಿಕೊಂಡಿತ್ತು. ಆ ಬೂಟು ಅವರದೇ.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ! ವರ್ಷಾನುಗಟ್ಟಲೆ ಪರರ ಮಕ್ಕಳನ್ನು ಕಾಪಾಡಿ ಅಭ್ಯಾಸವಾದ ಕಾಲು, ಸ್ವಂತ ಮಗಳು ಓಡಿಸುವಾಗ ಯಜಮಾನರನ್ನು ಕೇಳುವ ಗೋಜಿಗೂ ಹೋಗಿರಲಿಲ್ಲ. ಕಾರು ತಿರುಗಿ ಬಂದು ನಿಂತ ಮೇಲೆ ಮೇಷ್ಟ್ರು ಸುಳ್ಳು ಹೇಳಲಿಲ್ಲ. ಕಳ್ಳ ಸಿಕ್ಕಿದ, ನಾನೇ ಎಂದರು. ಭಾವಮೈದ ಹೊಟ್ಟೆ ಹಿಡಿದುಕೊಂಡು ನಕ್ಕ.

ಮಗಳು ನಗಲಿಲ್ಲ. ಸ್ಟಿಯರಿಂಗನ್ನು ನೋಡುತ್ತ ಕೂತಿದ್ದಳು.

"ಇಷ್ಟು ದಿನ ನಾನು ಓಡಿಸ್ತಿದ್ದೀನಿ ಅಂದ್ಕೊಂಡಿದ್ದೆ, ಅಪ್ಪ," ಎಂದಳು.

ಆ ಮಾತು ಮೇಷ್ಟ್ರಿಗೆ ಚೆನ್ನಾಗಿ ನಾಟಿತು. ಗ್ಯಾರೇಜಿಗೆ ಮರಳಿದ ಕೂಡಲೇ ಬೆನ್ನ ಮೇಲೆ ಮಲಗಿ ಕಾರಿನೊಳಗೆ ತೂರಿಕೊಂಡರು. ತುಕ್ಕು ಹಿಡಿದ ಬೋಲ್ಟು ಸತಾಯಿಸಿತು, ಬೆರಳ ಗೆಣ್ಣು ತರಚಿತು. ಭಾವಮೈದ ಸ್ಪ್ಯಾನರು ಕೇಳಿದರೂ ಕೊಡದೆ ಪೆಡಲನ್ನು ತಾವೇ ಬಿಚ್ಚಿದರು. ಆಮೇಲೆ ನಾಚಿಕೆಯಿಂದ ಆ ದಿನ ಮಗಳ ಮುಖ ನೋಡಲಿಲ್ಲ.

ಅರ್ಹತೆಯ ದಿನ ತಪಾಸಣೆಯವನು ಟಾರ್ಚು ಹಿಡಿದು ಆಮೆಯನ್ನು ಮೂಲೆಮೂಲೆ ಜಾಲಾಡಿದ. ಎಲ್ಲ ಕಾರ್ಖಾನೆಯದೇ ಎಂದು ಚೀಟಿ ಅಂಟಿಸಿದ. ಓಟಕ್ಕೆ ಒಬ್ಬರೇ ಎಂದು ಮೇಷ್ಟ್ರನ್ನು ತಂತಿಬೇಲಿಯ ಆಚೆ ಕಳಿಸಿದ. ಹಸಿರು ದೀಪ ಹತ್ತಿತು. ಆಮೆ ಕುಣಿಯಲಿಲ್ಲ, ಹೊಗೆ ಉಗುಳಲಿಲ್ಲ, ಮುಂದಕ್ಕೆ ಹೋಯಿತು ಅಷ್ಟೆ. ಮೇಷ್ಟ್ರು ಕಿವಿಯಲ್ಲೇ ಗೇರು ಎಣಿಸಿದರು. ಹಿಂದಿನ ಕೆಂಪು ದೀಪ ಹತ್ತಲೇ ಇಲ್ಲ. ದೂರದ ಫಲಕದಲ್ಲಿ ಇಪ್ಪತ್ತೂ ಮುಕ್ಕಾಲು ಸೆಕೆಂಡು ಎಂದು ಮೂಡಿತು. ಭಾವಮೈದ ಪಕ್ಕದಲ್ಲಿದ್ದ ಅಪರಿಚಿತನನ್ನು ಅಪ್ಪಿಕೊಂಡ.

ಮಗಳು ಹಿಂದಿರುಗಿ ಬಂದು ಹೆಲ್ಮೆಟ್ಟು ತೆಗೆದಳು. ಮುಖವೆಲ್ಲ ಬೆವರು, ಬಾಯಿ ತುಂಬ ನಗು. ಇಷ್ಟು ವರ್ಷ ಕಾರಿನಲ್ಲೇ ಬದುಕಿದ ಮೇಷ್ಟ್ರಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಕೇಳದೆ ಇರಲಾಗಲಿಲ್ಲ.

"ಒಬ್ಳೇ ಹೋಗೋದು ಹೇಗಿತ್ತಮ್ಮ?"

ಮಗಳು ಸ್ವಲ್ಪ ಯೋಚಿಸಿದಳು. ಓಲೈಸಿ ಮಾತಾಡುವ ಸ್ವಭಾವ ಅವಳದಲ್ಲ.

"ಎರಡನೇ ಗೇರಲ್ಲಿ, ಪಕ್ಕದ ಸೀಟಲ್ಲಿ ನೀವಿಲ್ಲ ಅಂತ ಭಯ ಆಯ್ತು. ಮೂರಕ್ಕೆ ಹಾಕಿದ್ಮೇಲೆ ನೀವು ಜ್ಞಾಪಕಕ್ಕೇ ಬರ್ಲಿಲ್ಲ."

ಮೇಷ್ಟ್ರಿಗೆ ಸಂತೋಷವಾಯಿತು.

"ಹಾಗೇ ಆಗ್ಬೇಕು," ಎಂದರು. ಕಲಿಯಲು ಬಂದವರಿಗೆಲ್ಲ ಕೊನೆಯ ಪಾಠದ ದಿನ ಅವರು ಹೇಳುತ್ತಿದ್ದ ಮಾತು ಅದು, ಆದರೆ ಈ ಸಲ ಹೇಳುವುದು ಅವರಿಗೆ ಕಷ್ಟವಾಯಿತು.