ನೋವಿಲ್ಲದ ಭುಜ

ಹೆಬ್ಬೆರಳು ಬೆಚ್ಚಗಿದೆ, ಹರಳೆಣ್ಣೆಯ ವಾಸನೆ, ಎಲುಬು ಕಟ್ಟುವ ಮಡಿವಾಳೆಪ್ಪಜ್ಜನ ಹೆಬ್ಬೆರಳು ಅಸ್ಲಂನ ಬಲಭುಜದ ಗುಂಟ ಇಳಿದು, ಮತ್ತೆ ಏರಿ, ಕೀಲು ಕೂಡುವಲ್ಲಿ ನಿಂತು ಏನನ್ನೋ ಹುಡುಕುತ್ತಿದೆ — ಎಷ್ಟು ಹುಡುಕಿದರೂ ಸಿಗುವುದಿಲ್ಲ ಅಜ್ಜಾ, ಅಲ್ಲಿ ಏನೂ ಇಲ್ಲ — ಇಲ್ಲೇನು, ಅಜ್ಜ ಕೇಳುತ್ತಾನೆ. ಹೂಂರಿ, ಅಲ್ಲೇ. ಮತ್ತ ಆಗಳೆ ಕೆಳಗ ಅಂದಿ? ಅಲ್ಲೂ ಐತ್ರಿ. ಸುಳ್ಳು ಹೇಳುವವನಿಗೆ ನೋವು ಎಲ್ಲಿಟ್ಟಿದ್ದೇನೆ ಎಂಬ ನೆನಪಾದರೂ ಬೇಡವೇ. ಕಟ್ಟೆಯ ಕೆಳಗೆ ಸಾಧಿಕ್ ಬೈಕಿಗೆ ಒರಗಿ ನಿಂತಿದ್ದಾನೆ, ಪಂಚರ್ ಅಂಗಡಿಗೆ ಬಾಗಿಲು ಹಾಕಿ, ಸಂಶಿಯಿಂದ ಇಲ್ಲಿಯ ತನಕ ಒಂದೊಂದು ತಗ್ಗು ತಪ್ಪಿಸಿ, ಭಾಯಿ ನೋಯ್ತೇನ್ರಿ, ಸಾವಕಾಶ ಹೋಗಲೇನ್ರಿ ಎಂದು ಕೇಳುತ್ತ ಕರೆತಂದವನು, ನಿನ್ನೆ ಇಡೀ ಊರಿನ ಬೈಗುಳ ತಿಂದವನು, ಆ ಬೈಗುಳದಲ್ಲಿ ಒಂದೂ ಅವನದಲ್ಲ, ಎಲ್ಲ ತನಗೆ ಬರಬೇಕಾದವೇ. ಹತ್ತು ವರ್ಷ ಇದೇ ಭುಜದ ಹೆಸರಿನಲ್ಲಿ ಬದುಕಿದ್ದು, ಕುಂದಗೋಳದವರಿಗೆ ಎರಡು ಸೀಸನ್, ಕಲಘಟಗಿಯವರಿಗೆ ಒಂದು, ಅಣ್ಣಿಗೇರಿ, ನವಲಗುಂದ, ಯಾರ ಟೂರ್ನಮೆಂಟ್ ಇದ್ದರೂ ಫೋನು, ಅಸ್ಲಂ, ಕಡೀ ಓವರಿಗೆ ನೀ ಬೇಕಪಾ — ಕಡೆಯ ಓವರಿಗೆ ಮಾತ್ರ, ಅಲ್ಲಿಯ ತನಕ ಬೌಂಡರಿಯಲ್ಲಿ ಎರೆಮಣ್ಣಿನ ಹೆಂಟೆ ಒದೆಯುತ್ತ ನಿಲ್ಲುವುದು, ಜೆರ್ಸಿಯ ಬೆನ್ನ ಮೇಲೆ ಇನ್ಯಾರದೋ ಹೆಸರು, ಪಂದ್ಯ ಕೈಜಾರುವ ಹೊತ್ತಿಗೆ ಕೈಗೆ ಚೆಂಡು, ಗೆದ್ದರೆ ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ, ಸೋತರೆ ಬಸ್ ಸ್ಟ್ಯಾಂಡಿನ ತನಕ ಬಿಡಲೂ ಯಾರೂ ಬರುವುದಿಲ್ಲ. ಹೋದ ತಿಂಗಳು ಕಲಘಟಗಿಯ ಎಡಗೈ ಬ್ಯಾಟ್ಸ್‌ಮನ್ ಒಬ್ಬ ತನ್ನ ಓವರಿನಲ್ಲಿ ಮೂರು ಸಿಕ್ಸರ್ ಎತ್ತಿದ, ಮರುದಿನ ಚಹಾದಂಗಡಿಯಲ್ಲಿ ಬಾಡಿಗಿ ಬೌಲರ್ ಸವದು ಹೋಗ್ಯಾನ ಬಿಡ್ರಿ ಅಂತ ಯಾರೋ ಅಂದರು, ಅಸ್ಲಂ ಬೆನ್ನು ತಿರುಗಿಸಿಯೇ ನಿಂತು ಚಹಾ ಮುಗಿಸಿದ, ಬಾಯಿ ಸುಟ್ಟಿತು.

ನಿನ್ನೆ ಮಾತ್ರ ಮೊದಲ ಸಲ ಸ್ವಂತ ಊರು ಸಂಶಿಗಾಗಿ, ಫೈನಲ್, ಕಡೆಯ ಓವರಿನಲ್ಲಿ ಎದುರಾಳಿಗೆ ಏಳು ರನ್ ಬೇಕು, ಕ್ಯಾಪ್ಟನ್ ಕಾಶಿನಾಥ ಚೆಂಡು ಎಸೆದು ನಿನ್ನ ಊರಪಾ ಇದು ಅಂದ, ಕ್ರೀಸಿನಲ್ಲಿ ಅದೇ ಎಡಗೈಯವನು, ನಕ್ಕ, ಗುರುತಿನ ನಗು — ಬೆರಳು ಚೆಂಡಿನ ಮೇಲೆ ಕೂಡಲಿಲ್ಲ, ಒಮ್ಮೆ ತೋಳು ತಿರುಗಿಸಿದ, ಅಷ್ಟರಲ್ಲಿ ಎಡಗೈ ತಾನಾಗಿಯೇ ಬಲಭುಜ ಹಿಡಿಯಿತು, ಬಾಯಿ ಯಪ್ಪಾ ಅಂದಿತು, ಮೈ ಕುಸಿದು ಕೂತಿತು, ಎಷ್ಟು ಸಲೀಸು, ಒಂದೂ ಚೆಂಡು ಎಸೆಯಲಿಲ್ಲ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುವಾಗ ಬೌಂಡರಿಯಿಂದ ಓಡಿಬಂದವನು ಸಾಧಿಕ್ ಒಬ್ಬನೇ, ಕೊಡ್ರಿ ಭಾಯಿ, ನಾ ಹಾಕತೀನಿ, ನೀವು ಕೂಡ್ರಿ — ಮುಂದೆ ಚಾಚಿದ ಅಂಗೈ, ಗೆರೆಗಳಲ್ಲಿ ಗ್ರೀಸಿನ ಕಪ್ಪು, ಆ ಅಂಗೈಯಲ್ಲಿ ಚೆಂಡು ಇಟ್ಟವನು ತಾನು. ಎರಡನೆಯ ಎಸೆತ ಬೇವಿನ ಮರದ ಆಚೆ ಹೋಯಿತು, ಮೂರನೆಯದಕ್ಕೆ ಮುಗಿಯಿತು. ಪಂಚರ್ ತಿದ್ದೂದು ಬಿಟ್ಟು ನಿನಗ ಯಾಕ ಬೇಕಿತ್ತಲೇ ಇದು, ನಾಳಿಂದ ಟೀಮಿನ ಕಡೆ ಹಣಿಕಿ ಹಾಕಬ್ಯಾಡ, ಕಾಶಿನಾಥ ಎಲ್ಲರೆದುರು ಅಂದ, ಸಾಧಿಕ್ ತಲೆ ತಗ್ಗಿಸಿದ, ಅಸ್ಲಂ ಭುಜ ಹಿಡಿದುಕೊಂಡೇ ಕೂತ. ಮನೆಯಲ್ಲಿ ತಾಯಿ ಜುಲೇಖಾಬಿ ತುತ್ತು ಮಾಡಿ ಉಣಿಸಿದಳು, ಮೂವತ್ನಾಲ್ಕರ ಮಗನಿಗೆ, ಗಟ್ಟಿಮುಟ್ಟಾದ ಬಲಗೈ ತೊಡೆಯ ಮೇಲೆ ಬಿದ್ದಿತ್ತು. ಆಮೇಲೆ ಸಾಧಿಕ್ ಬಂದು ಹೊಸ್ತಿಲಲ್ಲೇ ನಿಂತು, ನಿಮ್ಮ ಓವರ್ ನಾ ಹಾಳ ಮಾಡಿದ್ನಿರಿ ಭಾಯಿ, ನೀವ ಹಾಕಿದ್ರ ಗೆಲ್ತಿದ್ವಿ, ಮಾಫ್ ಮಾಡ್ರಿ — ಮಾಫ್ ಕೇಳಿದ್ದು ಅವನು, ಹೂಂ ಅಂದದ್ದು ತಾನು, ಹೂಂ.

ಹೆಬ್ಬೆರಳು ನಿಂತಿತು. ಅಜ್ಜ ಕಿವಿಯ ಬಳಿ ಬಗ್ಗಿ, ನಲವತ್ತು ವರ್ಷ ಎಲುಬು ಹಿಡದೀನಿ ತಮ್ಮಾ, ಕಟ್ಟಲೋ ಬ್ಯಾಡೋ, ನೀನ ಹೇಳು, ಅಂದ. ಈಗ ಹೇಳಬಹುದು, ಒಂದೇ ಮಾತು, ಸಾಧಿಕ್ ಕೇಳುವಷ್ಟು ಗಟ್ಟಿಯಾಗಿ, ಸಂಜೆಯ ಒಳಗೆ ಊರಿಗೂ ಮುಟ್ಟುತ್ತದೆ, ಅವನು ಮತ್ತೆ ಟೀಮಿಗೆ — ಮುರದಿಲ್ಲಲ್ರಿ ಅಜ್ಜಾರ? ಸಾಧಿಕ್ ಮೆಟ್ಟಿಲು ಏರಿ ಬಂದಿದ್ದಾನೆ, ಮುಖದ ತುಂಬ ಹೆದರಿಕೆ, ಅದೂ ತನಗಾಗಿ — ಕಟ್ರಿ ಅಜ್ಜಾರ, ಅಂದ ಅಸ್ಲಂ. ಬಟ್ಟೆ ಸುತ್ತುತ್ತದೆ, ಒಂದು ಸುತ್ತು, ಎರಡು, ಬಿಗಿ, ಈಗ ನಿಜವಾಗಿಯೂ ನೋಯುತ್ತಿದೆ, ಏಳ್ರಿ ಭಾಯಿ, ನನ್ನ ಕೈ ಹಿಡೀರಿ, ಮುಂದೆ ಚಾಚಿದ ಅಂಗೈ, ಗೆರೆಗಳಲ್ಲಿ ಗ್ರೀಸಿನ ಕಪ್ಪು, ಚೆಂಡಿಲ್ಲ, ಆದರೂ ಚೆಂಡು ಇಡುವಷ್ಟೇ ತೆರೆದ, ಆ ಅಂಗೈ.