ಹದಿಮೂರು ತಿಂಗಳು ಕೇಳದೇ ಉಳಿದ ಹಕ್ಕು

ಚಿಗಳ್ಳಿಯ ಶಿವಗಂಗಾ ಕುಬಸ ಬಿಗಿ ಮಾಡಿಸಲೆಂದು ಮುಂಡಗೋಡದಲ್ಲಿ ಬದರುನ್ನಿಸಾ ಅವರ ಹೊಲಿಗೆ ಅಂಗಡಿಗೆ ಬಂದಳು.

"ಹೋದ ವರ್ಷ ನಾನ ಅಳತಿ ತಗೊಂಡು ಹೊಲದಿದ್ದು. ಇಷ್ಟ್ಯಾಕ ಸೊರಗೀದಿ?" ಎಂದು ಬದರುನ್ನಿಸಾ ಟೇಪು ಹಿಡಿದೇ ಕೇಳಿದರು.

ಶಿವಗಂಗಾ ಮೊದಲು ಏನೂ ಇಲ್ಲವೆಂದಳು. ಆಮೇಲೆ ತಡೆಯಲಾಗಲಿಲ್ಲ. ಅವಳ ಗಂಡ ವೀರೇಶ ಪಂಪ್‌ಸೆಟ್ ರಿಪೇರಿ ಮಾಡುವವನು. ಯಾರದೋ ಹೊಲದ ಮೋಟರ್ ಕಳವಾದಾಗ ಪೊಲೀಸರು ಅವನನ್ನು ಹಿಡಿದೊಯ್ದರು. ಹದಿಮೂರು ತಿಂಗಳಾಯಿತು. ವಿಚಾರಣೆ ಇನ್ನೂ ಶುರುವಾಗಿಲ್ಲ. ವಾರಕ್ಕೊಮ್ಮೆ ಜೈಲಿನಿಂದ ಫೋನು ಬರುತ್ತದೆ, ಐದು ನಿಮಿಷ. ಅಷ್ಟರಲ್ಲಿ ಅವನು ಕೇಳುವುದು ಒಂದೇ ಮಾತು: "ಇವತ್ತ ಏನ್ ಪಲ್ಯಾ ಮಾಡೀದಿ?" ಬರೀ ಅನ್ನ ಮಜ್ಜಿಗೆ ಉಂಡ ದಿನವೂ ಅವಳು ಬದನೆಕಾಯಿ ಎಣ್ಣೆಗಾಯಿ ಎನ್ನುತ್ತಾಳೆ. ಶೇಂಗಾ ಹುರಿದದ್ದರಿಂದ ಹಿಡಿದು ಬಿಡಿಸಿ ಬಿಡಿಸಿ ಹೇಳುತ್ತಾಳೆ. ಫೋನು ಕಟ್ಟಾದ ಮೇಲೂ ಅದನ್ನು ಕಿವಿಯಿಂದ ತೆಗೆಯಲು ಮನಸ್ಸಾಗುವುದಿಲ್ಲ.

"ವಕೀಲರು ಯಾರು?" ಎಂದರು ಬದರುನ್ನಿಸಾ.

"ಯಾರೂ ಇಲ್ರಿ ಅಕ್ಕಾ. ನಮ್ಮಂಥೋರಿಗೆ ಎಲ್ಲೀ ವಕೀಲರು?"

ಬದರುನ್ನಿಸಾ ಹೊಲಿಗೆಯವರಷ್ಟೇ ಅಲ್ಲ, ಕಾನೂನು ಸೇವಾ ಸಮಿತಿಯ ಸ್ವಯಂಸೇವಕಿ ಕೂಡ. "ಒಳಗ ಇರೋರಿಗೆ ಸರ್ಕಾರನ ಪುಕ್ಕಟ ವಕೀಲರನ್ನ ಕೊಡ್ತೈತಿ. ಕೇಳಬೇಕಷ್ಟ. ನಾಳೆ ನಿಮ್ಮ ಮನಿಗೆ ಬರ್ತೇನಿ" ಎಂದರು.

ಮರುದಿನ ಅವರು ಬಂದಾಗ ಅತ್ತೆ ಗುರುಸಿದ್ದವ್ವ ಮುಖ ಕೊಟ್ಟು ಮಾತಾಡಲಿಲ್ಲ. ಮಗ ಜೈಲು ಸೇರಿದಂದಿನಿಂದ ಆಕೆ ಗುಡಿಗೂ ಹೋಗಿರಲಿಲ್ಲ.

"ಕೋರ್ಟು ಕಚೇರಿ ಬ್ಯಾಡ ತಾಯಿ. ಇದ್ದ ಮಾನಾನೂ ಹೋಗ್ತೈತಿ. ಕಳ್ಳ ಅಂತನ ಒಳಗ ಹಾಕ್ಯಾರ."

"ಕಳ್ಳ ಅಂತ ಕೋರ್ಟು ಇನ್ನೂ ಹೇಳಿಲ್ಲಲ್ಲ, ಅವ್ವಾ. ಅಲ್ಲೀ ತನಕ ಅಂವಾ ಬರೀ ಆರೋಪಿ" ಎಂದರು ಬದರುನ್ನಿಸಾ.

ಬಾಗಿಲಿಗೆ ಒರಗಿ ನಿಂತಿದ್ದ ಶಿವಗಂಗಾ ಇಷ್ಟು ದಿನ ಯಾರನ್ನೂ ಕೇಳದಿದ್ದ ಮಾತನ್ನು ಕೇಳಿದಳು. "ಅಕ್ಕಾ, ಒಂದ್ ವ್ಯಾಳ್ಯಾ ಖರೇನ ಕದ್ದಿದ್ರ?"

ಅತ್ತೆ ತಲೆ ತಗ್ಗಿಸಿದಳು.

"ಕದ್ದಿದ್ರೂ ವಕೀಲರ ಹಕ್ಕು ಐತಿ" ಎಂದರು ಬದರುನ್ನಿಸಾ. "ಸಂವಿಧಾನ ಒಳ್ಳೇವ್ರು ಯಾರು, ಕೆಟ್ಟೋರು ಯಾರು ಅಂತ ನೋಡಿ ಹಕ್ಕು ಹಂಚೂದಿಲ್ಲ. ಇನ್ನೊಂದು ಕೇಳು. ಈ ಕಳವಿಗೆ ಹೆಚ್ಚಂದ್ರ ಮೂರು ವರ್ಷ ಶಿಕ್ಷಾ. ಹಿಂದ ಶಿಕ್ಷಾ ಆಗಿಲ್ಲ, ಬ್ಯಾರೆ ಕೇಸೂ ಇಲ್ಲಂದ್ರ, ಅದರಾಗ ಮೂರನೇ ಒಂದು ಪಾಲು, ಅಂದ್ರ ಒಂದು ವರ್ಷ ಒಳಗ ಕಳದಾಂವನ್ನ ಮುಚ್ಚಳಿಕೆ ಬರಸ್ಕೊಂಡು ಬಿಡಬೇಕಂತ ಕಾಯಿದೆ ಐತಿ. ನಿನ್ನ ಗಂಡಂದು ಹದಿಮೂರು ತಿಂಗಳಾತು."

ಅಂದರೆ ಒಂದು ತಿಂಗಳ ಹಿಂದೆಯೇ ಅವನು ಮನೆಯಲ್ಲಿರಬಹುದಿತ್ತು! ಶಿವಗಂಗಾ ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟಳು. ಗುರುಸಿದ್ದವ್ವ ಸೊಸೆಯ ಹೆಗಲ ಮೇಲೆ ಕೈಯಿಟ್ಟು, "ಯಾವಾಗ ಹೋಗೂಣು?" ಎಂದಳು.

ಅತ್ತೆ ಸೊಸೆ ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಬರೆದುಕೊಟ್ಟರು. ನಿರ್ಮಲಾ ಎಂಬ ವಕೀಲರು ನೇಮಕವಾದರು. ಅವರು ಜೈಲಿಗೆ ಹೋಗಿ ವೀರೇಶನನ್ನು ಕಂಡು ಬಂದು, ಬಿಡುಗಡೆಗೆ ಕೋರ್ಟಿನಲ್ಲಿ ಅರ್ಜಿ ಹಾಕಿದರು. ಮೂರನೇ ವಾರ ನ್ಯಾಯಾಲಯ ಅವನನ್ನು ಬಿಡಲು ಆದೇಶಿಸಿತು.

ಜೈಲಿನ ಬಾಗಿಲಲ್ಲಿ ಶಿವಗಂಗಾ ಅವನನ್ನು ನಡಿಗೆಯಿಂದಲೇ ಗುರುತಿಸಿದಳು. ಮುಖ ಅಷ್ಟು ಬದಲಾಗಿತ್ತು. ಊರಿನ ಬಸ್ಸು ಅರ್ಧ ದಾರಿ ಬಂದಿತ್ತು.

"ನಾ ಕದ್ದೇನೋ ಇಲ್ಲೋ, ನೀ ಕೇಳಲೇ ಇಲ್ಲ" ಎಂದ ವೀರೇಶ.

"ಅದನ್ನ ಕೇಳಾಕ ಕೋರ್ಟು ಐತಿ. ನಿಮ್ಮ ಮಾತು ಹೇಳಾಕ ವಕೀಲರು ಅದಾರ. ಮೊದಲ ನೀವು ಮನಿಗೆ ನಡೀರಿ" ಎಂದಳು. ಅವನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡ. ಅವಳು ಅವನ ಕೈ ಹಿಡಿದಳು. ಊರು ಬರುವವರೆಗೆ ಬಿಡಲಿಲ್ಲ.

ಕೇಸು ಇನ್ನೂ ನಡೆಯುತ್ತಿದೆ. ವೀರೇಶ ಪ್ರತಿ ತಾರೀಖಿಗೂ ತಪ್ಪದೆ ಹೋಗುತ್ತಾನೆ. ಮೊನ್ನೆ ಹಿಂದಿನ ಓಣಿಯ ಹೊಳೆವ್ವನ ತಮ್ಮ ಬಾಳೇಶನನ್ನು ಪೊಲೀಸರು ಕರೆದೊಯ್ದರು. ಸುದ್ದಿ ಕೇಳಿದವರೆಲ್ಲ ತಮ್ಮ ತಮ್ಮ ಬಾಗಿಲು ಹಾಕಿಕೊಂಡರು. ಗುರುಸಿದ್ದವ್ವ ಮಾತ್ರ ಚಪ್ಪಲಿ ಮೆಟ್ಟಿ ಹೊಳೆವ್ವನ ಮನೆಗೆ ನಡೆದಳು.

"ಅಳೂದು ಆಮ್ಯಾಲೆ. ಎಷ್ಟೊತ್ತಿಗೆ ಹಿಡಿದ್ರು, ಅದನ್ನ ಹೇಳು. ಇಪ್ಪತ್ನಾಲ್ಕು ತಾಸಿನೊಳಗ ಜಡ್ಜರ ಮುಂದ ನಿಲ್ಲಿಸಬೇಕು. ಏಳು, ವಕೀಲರನ್ನ ಕೇಳಾಕ ಹೋಗೂಣು."

ಓದುತ್ತಿರುವ ಅಕ್ಕ, ಅಣ್ಣಂದಿರೇ, ನಿಮ್ಮ ಓಣಿಯಲ್ಲೂ ಯಾರದೋ ದಾರಿ ಕಾಯುತ್ತಿರುವ ಮನೆ ಇರಬಹುದು. ಆ ಮನೆಗೆ ಹೋಗಿ ಹೇಳಿ: ಬಂಧಿಸಿದವರು ಕಾರಣ ತಿಳಿಸಬೇಕು, ಮನೆಯವರಿಗೆ ಸುದ್ದಿ ಮುಟ್ಟಿಸಬೇಕು. ಪ್ರಯಾಣದ ಸಮಯ ಬಿಟ್ಟು ಇಪ್ಪತ್ನಾಲ್ಕು ತಾಸಿನೊಳಗೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳೆಂದು ಯಾರನ್ನೂ ಒತ್ತಾಯಿಸುವಂತಿಲ್ಲ. ವಕೀಲರು ಬೇಕಾದರೆ ತಾಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನು ಮಾಡಿ. ಶಿವಗಂಗಾ ಹದಿಮೂರು ತಿಂಗಳು ಕಾದಳು. ನೀವು ಇವತ್ತೇ ಕೇಳಿ.